ಸೇತುವೆಯ ಕರೆ ಮಾರ್ಕೆಟ್ಟಿಗೆ ಹೋದದ್ದು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಲೈನಮ್ಮ ಎಂದೇ ಕರೆಯುತ್ತಿದ್ದರು. ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ದಿನವಿಡೀ "ಲೈನಲ್ಲಿ ಇರಿ, ಲೈನಲ್ಲಿ ಇರಿ" ಎನ್ನುತ್ತಿದ್ದ ಹೆಂಗಸಿಗೆ ಬೇರೆ ಹೆಸರು ಯಾಕೆ ಬೇಕು? ಅವಳ ಗಂಡ ದರ್ಜಿ. ತನ್ನ ಮದುವೆಯೂ ಆ ಮಾತಿನಿಂದಲೇ ಆಯಿತೆಂದು ಅವನು ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದ. ವಾರ್ಡಿನಲ್ಲಿದ್ದ ಅಪ್ಪನನ್ನು ವಿಚಾರಿಸಲು ಒಂದು ದಿನ ಫೋನ್ ಮಾಡಿದನಂತೆ, ಲೈನಲ್ಲಿ ಇರಿ ಎಂದಳಂತೆ, ಇವತ್ತಿಗೂ ಇದ್ದೇನೆ ಎನ್ನುವುದು ಅವನ ಹಳೇ ನಗೆಚಾಟಿಕೆ.

ಆ ಬೋರ್ಡು ಅವಳಿಗೆ ಅಡುಗೆಮನೆಯ ಡಬ್ಬಿಗಳ ಸಾಲಿನಷ್ಟೇ ಪರಿಚಿತ. ಯಾವ ತೂತಿಗೆ ಯಾವ ವಾರ್ಡು, ಯಾವ ಡಾಕ್ಟರು ಎರಡು ಸಲ ಗಂಟೆ ಹೊಡೆದರೆ ಎತ್ತುತ್ತಾರೆ, ಯಾರು ಎತ್ತುವುದೇ ಇಲ್ಲ, ಎಲ್ಲ ಬೆರಳ ತುದಿಯಲ್ಲಿತ್ತು. ತಂತಿಯ ಬಳ್ಳಿ ಸಿಕ್ಕಿಸಿ, ಆ ಕಡೆಯ ದನಿ ಕೇಳಿಸಿದೊಡನೆ ತನ್ನ ಕಿವಿಯನ್ನು ಮುಚ್ಚಿಕೊಳ್ಳುವುದು ಅವಳ ನೇಮ. ಊರ ಮಾತೆಲ್ಲ ತನ್ನ ಬೆರಳಿನ ಮೂಲಕ ಹಾದುಹೋದರೂ ಒಂದನ್ನೂ ಮನೆಗೆ ತಂದವಳಲ್ಲ. ಅತ್ತೆಗೆ ಮಾತ್ರ ಇದರ ಬಗ್ಗೆ ಬೇಸರವಿತ್ತು. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕೂತಿರುವ ಸೊಸೆಗೆ ಹೇಳಲು ಒಂದು ಸುದ್ದಿಯೂ ಇಲ್ಲವೇ ಎಂದು ಮುದುಕಿ ಅಕ್ಕಪಕ್ಕದವರ ಹತ್ತಿರ ಗೊಣಗುತ್ತಿದ್ದಳು.

ಒಂದು ದಿನ ಬೋರ್ಡನ್ನು ಬಿಚ್ಚಿಕೊಂಡು ಹೋದರು. ಗೋಡೆಯಲ್ಲಿ ಬೋಲ್ಟಿನ ತೂತುಗಳಷ್ಟೇ ಉಳಿದವು. ಆ ಜಾಗಕ್ಕೆ ಒಂದು ಕಂಪ್ಯೂಟರ್ ಬಂತು, ಮೂಲೆಯಲ್ಲಿ ಫ್ರಿಜ್ಜಿನೆತ್ತರದ ಕಪ್ಪು ಪೆಟ್ಟಿಗೆ ಬಂತು. ಆಸ್ಪತ್ರೆಗೆ ಊರಾಚೆ ನಾಲ್ಕಾರು ಸಣ್ಣ ಕ್ಲಿನಿಕ್ಕುಗಳಿದ್ದವು. ಅಲ್ಲಿ ದೊಡ್ಡ ಡಾಕ್ಟರುಗಳಿಲ್ಲ, ನರ್ಸುಗಳೇ ಎಲ್ಲ. ಇನ್ನು ಮುಂದೆ ಆ ಕ್ಲಿನಿಕ್ಕುಗಳ ರೋಗಿಗಳು ಪರದೆಯ ಮುಂದೆ ಕೂರುತ್ತಾರೆ, ದೊಡ್ಡ ಡಾಕ್ಟರು ಇಲ್ಲಿಂದಲೇ ಮುಖ ನೋಡಿ ಮಾತಾಡುತ್ತಾರೆ, ಕರೆಗಳನ್ನು ಜೋಡಿಸುವ ಕೆಲಸ ಹೇಗೂ ನಿನ್ನದೇ, ಇದನ್ನೂ ನೋಡಿಕೋ ಎಂದರು ಮೇಲಿನವರು.

ಕಲಿಸಲು ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಒಳ್ಳೆಯವನೇ, ಆದರೆ ಮಾತು ರೈಲಿನಂತೆ ಓಡುತ್ತಿತ್ತು. ಅವನು ಹೇಳಿದ್ದರಲ್ಲಿ ಲೈನಮ್ಮನ ತಲೆಗೆ ಇಳಿದದ್ದು ಇಷ್ಟು. ಕ್ಲಿನಿಕ್ಕಿನಲ್ಲಿರುವ ಯಂತ್ರ, ಅಂದರೆ ಪರದೆ ಮತ್ತು ಕ್ಯಾಮೆರಾ, ತಾನಾಗಿಯೇ ಈ ಕಪ್ಪು ಪೆಟ್ಟಿಗೆಗೆ 'ನಾನು ಇಂಥ ಕ್ಲಿನಿಕ್ಕು, ನನ್ನ ನಂಬರು ಇಂಥದ್ದು, ನಾನು ಇಲ್ಲಿದ್ದೇನೆ' ಎಂದು ಹೇಳಿಕೊಳ್ಳುತ್ತದೆ. ಅದಕ್ಕೆ ನೋಂದಣಿ ಎಂದು ಹೆಸರು. ನೋಂದಣಿಯಾದರೆ ಕಂಪ್ಯೂಟರಿನಲ್ಲಿ ಒಂದು ಹಸಿರು ಚುಕ್ಕೆ ಹತ್ತುತ್ತದೆ. ಆಮೇಲೆ, ಇಲ್ಲಿ ಯಾವ ನಂಬರು ಒತ್ತಿದರೆ ಕರೆ ಎಲ್ಲಿಗೆ ಹೋಗಬೇಕು ಎಂಬ ದಾರಿಯನ್ನು ಅವಳು ಹಾಕಿಕೊಡಬೇಕು. ಆ ಕಡೆಯವರು ಏನನ್ನೂ ಒತ್ತುವ ಹಾಗಿಲ್ಲ, ಕರೆ ಬಂದರೆ ಪರದೆ ತಾನೇ ಹತ್ತಿಕೊಳ್ಳುತ್ತದೆ.

"ಹಾಗಾದ್ರೆ ನಾನು ಯಾವುದನ್ನೂ ಕೈಯಲ್ಲಿ ಸಿಕ್ಕಿಸೋದಿಲ್ವಾ?" ಎಂದು ಅವಳು ಕೇಳಿದಳು.

"ಇಲ್ಲ ಮೇಡಂ. ಎಲ್ಲಾ ಅದೇ ಹುಡುಕಿಕೊಳ್ಳುತ್ತೆ."

ಈ ಮಾತು ಅವಳಿಗೆ ಯಾಕೋ ಹಿಡಿಸಲಿಲ್ಲ. ತಾನೇ ಸಿಕ್ಕಿಸಿದ ಬಳ್ಳಿ ಎಲ್ಲಿಗೆ ಹೋಯಿತೆಂದು ಕಣ್ಣಾರೆ ಕಂಡವಳು ಅವಳು. ಈಗ ಗುಂಡಿ ಒತ್ತುವುದು, ಆಮೇಲೆ ನಂಬುವುದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಡಿಸಿದ ಹಾಗೆ. ಆದರೂ ಕೆಲಸ ನಡೆಯಿತು. ಹಸಿರು ಚುಕ್ಕೆಗಳು ಹತ್ತಿದವು, ಹೃದಯದ ಡಾಕ್ಟರಮ್ಮ ಬೆಳಗಿನ ಹೊತ್ತು ತಮ್ಮ ಕೋಣೆಯಲ್ಲಿ ಕೂತು ಪರದೆಯ ಮೇಲೆ ರೋಗಿಗಳನ್ನು ನೋಡತೊಡಗಿದರು. ಲೈನಮ್ಮ ಕರೆ ಜೋಡಿಸಿ, ಹಳೆಯ ನೇಮದಂತೆ ತನ್ನ ಪರದೆಯನ್ನು ಆರಿಸಿಬಿಡುತ್ತಿದ್ದಳು. ಡಾಕ್ಟರು ಮತ್ತು ರೋಗಿಯ ನಡುವೆ ಮೂರನೆಯವರ ಕಣ್ಣು ಯಾಕೆ?

ಎಡವಟ್ಟಾದದ್ದು ಒಂದು ಸೋಮವಾರ. ಸೇತುವೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಒಬ್ಬ ಹಿರಿಯರ ಸರದಿಯಿತ್ತು. ಅವರ ಪರೀಕ್ಷೆಯ ವರದಿಗಳು ಮೊದಲೇ ಬಂದಿದ್ದವು, ಡಾಕ್ಟರಮ್ಮ ಮುಖ ನೋಡುವುದು ಮಾತ್ರ ಅದೇ ಮೊದಲು. ಲೈನಮ್ಮ ಸೇತುವೆಯ ನಂಬರು ಒತ್ತಿದಳು, ಆ ಕಡೆ ಪರದೆ ಹತ್ತಿತು, ತನ್ನದನ್ನು ಆರಿಸಿದಳು. ಡಾಕ್ಟರಮ್ಮ ಮಾತಾಡಿ, ಹಾರ್ಟ್ ಕೆಟ್ಟಿದೆ, ಮನೆಯವರಿಗೆ ತಿಳಿಸಿ ಎಂದು ಎದುರಿನವರಿಗೆ ಹೇಳಿ ಮುಗಿಸಿ, ಹೃದಯದ ಕವಾಟ ಸವೆದಿದೆ, ಬೇಗ ಆಪರೇಷನ್ ಆಗಬೇಕು, ಇಂಥ ಮಾತ್ರೆ ಕೊಡಿ ಎಂದು ಚೀಟಿ ಬರೆದು ಸೇತುವೆಯ ಕ್ಲಿನಿಕ್ಕಿಗೆ ಕಳಿಸಿದರು.

ಮರುದಿನ ಸೇತುವೆಯ ನರ್ಸು ಫೋನ್ ಮಾಡಿದಳು. "ಏನಕ್ಕಾ ಇದು? ಮಾತ್ರೆ ಚೀಟಿ ಬಂದಿದೆ. ಆದ್ರೆ ಇಲ್ಲಿ ಬಂದಿದ್ದ ಯಜಮಾನ್ರನ್ನ ಡಾಕ್ಟರು ನೋಡೇ ಇಲ್ವಲ್ಲ. ನಿನ್ನೆ ಪರದೆ ಮುಂದೆ ಕೂತೂ ಕೂತೂ ಸಾಕಾಗಿ ಮನೆಗೆ ಹೋದ್ರು."

ಲೈನಮ್ಮ ಮಹಡಿಗೆ ಹೋಗಿ ಡಾಕ್ಟರಮ್ಮನನ್ನು ಕೇಳಿದಳು. ಅವರು ಚೆನ್ನಾಗಿಯೇ ಮಾತಾಡಿದ್ದಾಗಿ ಹೇಳಿದರು. ಮೆಟ್ಟಿಲು ಹತ್ತುವಾಗ ಕಷ್ಟವಾಗುತ್ತದೆಯೇ ಎಂದು ಕೇಳಿದ್ದರು, ಹೌದು, ನಡುವೆ ನಿಲ್ಲಬೇಕಾಗುತ್ತದೆ ಎಂದಿದ್ದರಂತೆ. ನಿದ್ದೆ ಬರುವುದಿಲ್ಲವೇ ಎಂದರೆ, ಇಲ್ಲ ಎಂದಿದ್ದರಂತೆ. ಎಲ್ಲ ಉತ್ತರವೂ ವರದಿಗೆ ಸರಿಯಾಗಿ ಹೊಂದಿತ್ತು. ಲೈನಮ್ಮ ಕೆಳಗೆ ಬಂದು ನರ್ಸಿಗೆ ಹಾಗೆಂದಳು. ನರ್ಸು, ನನ್ನ ಕಣ್ಣೇನು ಕುರುಡೇ ಎಂದಳು. ಅವಳು ಹೇಳುವುದೂ ಸರಿ, ಇವರು ಹೇಳುವುದೂ ಸರಿ. ಡಾಕ್ಟರು ನೋಡಿದ್ದು ನಿಜ, ರೋಗಿಯನ್ನು ಯಾರೂ ನೋಡದಿದ್ದದ್ದೂ ನಿಜ. ಲೈನಮ್ಮನಿಗೆ ತಲೆಬುಡ ತಿಳಿಯಲಿಲ್ಲ.

ಪರೀಕ್ಷೆಗೆಂದು ಅವಳು ಸೇತುವೆಯ ನಂಬರು ಒತ್ತಿದಳು. ಪರದೆಯಲ್ಲಿ ಸೇತುವೆಯ ನರ್ಸು ಕಾಣಿಸಿಕೊಂಡಳು, ಕೈ ಆಡಿಸಿದಳು. ಸದ್ಯ, ಎಲ್ಲ ಸರಿಯಿದೆ ಎಂದು ಕರೆ ಮುಗಿಸಿ ಚಹ ಕುಡಿದು ಬಂದಳು. ಸಮಾಧಾನವಾಗದೆ ಮತ್ತೊಮ್ಮೆ ಒತ್ತಿದಳು. ಈ ಸಲ ಅದೇ ನೀಲಿ ಗೋಡೆ, ಅದೇ ಪ್ಲಾಸ್ಟಿಕ್ ಕುರ್ಚಿ, ಆದರೆ ನರ್ಸು ಇಲ್ಲ. ಕೂಗಿದಳು, ಯಾರೂ ಬರಲಿಲ್ಲ. ಫೋನ್ ಎತ್ತಿ, ಎಲ್ಲಿಗೆ ಹೋದೆ ಮಾರಾಯ್ತಿ ಎಂದು ಕೇಳಿದಳು.

"ಎಲ್ಲಿಗೂ ಹೋಗಿಲ್ಲ ಅಕ್ಕಾ. ಪರದೆ ಮುಂದೇನೇ ಕೂತಿದ್ದೀನಿ."

"ಕುರ್ಚಿ ಖಾಲಿ ಇದೆಯಲ್ಲೇ."

"ನಾನು ಕುರ್ಚಿ ಮೇಲೇ ಕೂತಿದ್ದೀನಿ."

ಲೈನಮ್ಮ ಫೋನನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದಳು. ಕುರ್ಚಿಯ ಮೇಲೆ ಕೂತಿದ್ದೇನೆ ಎನ್ನುವ ಹೆಂಗಸು, ಯಾರೂ ಇಲ್ಲದ ಕುರ್ಚಿ. ಅಷ್ಟರಲ್ಲಿ ಪರದೆಯೊಳಗೆ ನೆಲ ಒರೆಸುವವನೊಬ್ಬ ಬಕೆಟ್ಟು ಹಿಡಿದು ಹಾದುಹೋದ. ಇವಳು ಅವನನ್ನು ಕರೆದು, ಅಪ್ಪಾ, ಇದು ಯಾವ ಕ್ಲಿನಿಕ್ಕು ಎಂದು ಕೇಳಿದಳು. ಅವನು ಗೋಡೆಯೇ ಮಾತಾಡಿತೆಂಬಂತೆ ಬೆಚ್ಚಿ, ಮಾರ್ಕೆಟ್ ಕ್ಲಿನಿಕ್ ಎಂದ. ಎಲ್ಲ ಕ್ಲಿನಿಕ್ಕುಗಳಿಗೂ ಒಬ್ಬನೇ ಗುತ್ತಿಗೆದಾರ ಬಣ್ಣ ಹೊಡೆಸಿ ಕುರ್ಚಿ ಹಾಕಿಸಿದ್ದ. ಸೇತುವೆಯ ಕೋಣೆಗೂ ಮಾರ್ಕೆಟ್ಟಿನ ಕೋಣೆಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಕಂಪನಿಯ ಇಂಜಿನಿಯರಿಗೆ ಫೋನ್ ಹೋಯಿತು. ಅವನು ಎಲ್ಲ ಕೇಳಿ, ಈಚೆಗೆ ಯಾವುದಾದರೂ ಯಂತ್ರ ಅದಲು ಬದಲಾಗಿದೆಯೇ ಎಂದ. ಆಗಿತ್ತು. ಸೇತುವೆಯ ಯಂತ್ರ ಕೆಟ್ಟು ರಿಪೇರಿಗೆ ಹೋದಾಗ ಅಲ್ಲಿಗೆ ಬೇರೊಂದನ್ನು ಕೂರಿಸಿದ್ದರು. ರಿಪೇರಿಯಾದದ್ದು ವಾಪಸ್ ಬಂದಾಗ ಅದನ್ನು ಅಲ್ಲಿಯವರೆಗೆ ಯಂತ್ರವಿಲ್ಲದಿದ್ದ ಮಾರ್ಕೆಟ್ಟಿಗೆ ಕಳಿಸಿದ್ದರು. ಅದರ ಹೊಟ್ಟೆಯೊಳಗೆ ಹಳೆಯ ಹೆಸರು, ಹಳೆಯ ನಂಬರು ಹಾಗೆಯೇ ಇದ್ದವು. ಅದು ಮಾರ್ಕೆಟ್ಟಿನಲ್ಲಿ ಕೂತು 'ನಾನು ಸೇತುವೆ' ಎಂದು ಹೇಳಿಕೊಳ್ಳುತ್ತಿತ್ತು. ಸೇತುವೆಯಲ್ಲಿದ್ದದ್ದೂ 'ನಾನು ಸೇತುವೆ' ಎನ್ನುತ್ತಿತ್ತು.

"ಮತ್ತೆ ಪೆಟ್ಟಿಗೆ ಯಾರ ಮಾತು ನಂಬುತ್ತೆ?"

"ಕೊನೇಲಿ ಯಾರು ಹೇಳಿದ್ರೋ ಅವರದ್ದು, ಮೇಡಂ. ಎರಡೂ ಯಂತ್ರ ಆಗಾಗ ಹೇಳ್ತಾನೇ ಇರ್ತವೆ. ಅದಕ್ಕೇ ಒಂದ್ಸಲ ಅಲ್ಲಿಗೆ, ಒಂದ್ಸಲ ಇಲ್ಲಿಗೆ."

ಇದು ಮಾತ್ರ ಅವಳಿಗೆ ಚೆನ್ನಾಗಿ ಅರ್ಥವಾಯಿತು. ಅವಳ ಅತ್ತೆಯೂ ಹಾಗೆಯೇ. ಮಗ ಹೇಳಿದರೆ ಮಗನದು ಸರಿ, ಸೊಸೆ ಬಂದು ಹೇಳಿದರೆ ಸೊಸೆಯದು, ಎದುರುಮನೆಯವಳು ಕೊನೆಗೆ ಬಂದರೆ ಇಬ್ಬರದೂ ತಪ್ಪು. ಇಷ್ಟು ದುಡ್ಡಿನ ಪೆಟ್ಟಿಗೆಗೂ ಅದೇ ಬುದ್ಧಿಯೇ ಎಂದು ಅವಳಿಗೆ ಅನ್ನಿಸಿತು. ಇಂಜಿನಿಯರ್ ಫೋನಿನಲ್ಲೇ ಹೇಳಿಕೊಟ್ಟಂತೆ ಮಾರ್ಕೆಟ್ಟಿನ ಯಂತ್ರದ ಹಳೆಯ ಹೆಸರನ್ನು ಅಳಿಸಿ, ಹೊಸ ಹೆಸರು, ಹೊಸ ನಂಬರು ಕೊಟ್ಟು, ಕರೆಯ ದಾರಿಯನ್ನು ಬೇರೆ ಮಾಡಿದಳು. ಹಸಿರು ಚುಕ್ಕೆ ಎರಡಾಯಿತು. ಇಷ್ಟು ದಿನ ಎರಡು ಯಂತ್ರಕ್ಕೆ ಒಂದೇ ಚುಕ್ಕೆ ಹತ್ತುತ್ತಿತ್ತು, ಅದನ್ನು ಅವಳೂ ಗಮನಿಸಿರಲಿಲ್ಲ, ಯಾರೂ ಗಮನಿಸಿರಲಿಲ್ಲ.

ಯಂತ್ರದ ಗಂಟು ಬಿಚ್ಚಿತು. ಸೇತುವೆಯ ಹಿರಿಯರನ್ನು ಅಂದೇ ಕರೆಸಿ ಡಾಕ್ಟರಮ್ಮ ನೋಡಿದರು. ಆದರೆ ಸೋಮವಾರ ಅವರು ಮಾತಾಡಿದ್ದು ಯಾರ ಜೊತೆ? ಮಾರ್ಕೆಟ್ಟಿನ ನರ್ಸು ನೆನಪು ಮಾಡಿಕೊಂಡಳು. ಮಂಡಿನೋವೆಂದು ಒಬ್ಬ ಬಡಗಿ ಬಂದಿದ್ದರು, ಪಟ್ಟಿ ಕಟ್ಟುತ್ತೇನೆ, ಒಳಗೆ ಪರದೆಯ ಕೋಣೆಯಲ್ಲಿ ಕೂತಿರಿ ಎಂದಿದ್ದಳು. ಹೊರಗೆ ಇಂಜೆಕ್ಷನ್ ಕೊಟ್ಟು ಬರುವಷ್ಟರಲ್ಲಿ ಅವರು ಪಟ್ಟಿಯನ್ನೂ ಕಟ್ಟಿಸಿಕೊಳ್ಳದೆ ಹೊರಟುಹೋಗಿದ್ದರು. ಮೆಟ್ಟಿಲು ಹತ್ತುವಾಗ ನಿಲ್ಲುವುದು ಮಂಡಿಗಾಗಿ, ನಿದ್ದೆ ಬಾರದ್ದೂ ಮಂಡಿಗಾಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು.

ಡಾಕ್ಟರಮ್ಮ ಕೆಳಗಿಳಿದು ಬಂದು ಲೈನಮ್ಮನ ಕೋಣೆಯ ಸ್ಟೂಲಿನ ಮೇಲೆ ಕೂತುಬಿಟ್ಟರು. ಹೆಸರೊಂದು ಕೇಳಿದ್ದರೆ ಆಗುತ್ತಿತ್ತು ಎಂದರು. ಅವರೇ ಹೋಗುತ್ತಿದ್ದರು, ಆದರೆ ಮರುದಿನವೆಲ್ಲ ಆಪರೇಷನ್ನುಗಳು. ಬಡಗಿ ಕೊಟ್ಟಿದ್ದ ಫೋನ್ ನಂಬರಿಗೆ ಗಂಟೆ ಹೊಡೆಯುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಕರೆ ಜೋಡಿಸಿದವಳು ನಾನು, ನಾನೇ ಹೋಗಿ ಹೇಳುತ್ತೇನೆ ಎಂದಳು ಲೈನಮ್ಮ.

ಬುಧವಾರ ಮಧ್ಯಾಹ್ನ ಬಸ್ಸು ಹಿಡಿದು ಮಾರ್ಕೆಟ್ಟಿನಲ್ಲಿ ಇಳಿದು ವಿಚಾರಿಸಿದಳು. ಕುಂಟುತ್ತಾ ನಡೆಯುವ ಬಡಗಿ ಎಂದೊಡನೆ, ಪಾಪ, ಹಾರ್ಟಿನವರಾ ಎಂದು ದಾರಿ ತೋರಿಸಿದರು. ಸುದ್ದಿ ಇವಳಿಗಿಂತ ಮೊದಲೇ ಬೀದಿಗೆ ಬಂದು ಕೂತಿತ್ತು.

ಬೀದಿಯ ಕೊನೆಗೆ ಉದ್ದನೆಯ ಕಾರ್ಖಾನೆ. ಹೊಸ ಮರದ ಹೊಟ್ಟಿನ, ಅಂಟಿನ ವಾಸನೆ. ನಡುವೆ ಒಂದು ಕಾಲಕ್ಕೆ ಹಲಗೆಯ ಗೋಡೆಯಿದ್ದುದರ ಗುರುತು ನೆಲದಲ್ಲೂ ಸೂರಿನಲ್ಲೂ ಇತ್ತು. ಹಲಗೆಗಳನ್ನು ಈಚೆಗಷ್ಟೇ ಕಿತ್ತಿದ್ದರು, ಮೊಳೆಯ ತೂತುಗಳು ಇನ್ನೂ ಬೆಳ್ಳಗಿದ್ದವು. ಬಾಗಿಲ ಬಳಿ ಕುರ್ಚಿಯಲ್ಲಿ, ಬೆನ್ನಿಗೆ ದಿಂಬಿಟ್ಟುಕೊಂಡು ಒಬ್ಬ ಹಿರಿಯರು ಕೂತಿದ್ದರು. ಒಳಗೆ ಇನ್ನೊಬ್ಬ, ಅದೇ ಮೂಗು, ಅದೇ ಹುಬ್ಬು, ಸ್ವಲ್ಪ ಕಿರಿಯ, ಕೀಸುಳಿ ಹಾಕುತ್ತಿದ್ದ. ಆಸ್ಪತ್ರೆಯಿಂದ ಬಂದೆ ಎಂದೊಡನೆ ಕಿರಿಯವನು ಕೈ ಒರೆಸಿಕೊಂಡು, ಅಣ್ಣನ ಹತ್ತಿರ ಕೂತಿರಿ, ಚಹ ತರುತ್ತೇನೆ ಎಂದು ಕೆಟಲ್ ಹಿಡಿದು ಹೊರಟ.

ಲೈನಮ್ಮ ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಈಗ ಎಲ್ಲ ಕಲಸಿಹೋದವು. ಹೇಗೋ ಹೇಳಿದಳು. ಸೋಮವಾರ ಡಾಕ್ಟರಮ್ಮ ನೋಡಿದ ವರದಿ ನಿಮ್ಮದಲ್ಲ, ಬೇರೆಯವರದು, ಯಂತ್ರ ತಪ್ಪಿ ನಿಮ್ಮ ಮುಂದೆ ಹತ್ತಿತು, ಆ ಕಾಯಿಲೆಗೂ ನಿಮಗೂ ಸಂಬಂಧವಿಲ್ಲ, ಬಂದು ಒಮ್ಮೆ ತೋರಿಸಿಕೊಂಡರೆ ಸಾಕು ಎಂದಳು. ಹಿರಿಯರ ಮುಖ ಅರಳುತ್ತದೆ ಎಂದು ಕಾದಳು. ಅದು ಬಾಡಿತು. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ತಾಯೀ, ಒಂದು ಉಪಕಾರ ಮಾಡಿ. ಇದನ್ನ ನನ್ನ ತಮ್ಮನಿಗೆ ಹೇಳಬೇಡಿ."

"ಯಾಕೆ ಯಜಮಾನ್ರೇ?"

"ಹಾರ್ಟ್ ಚೆನ್ನಾಗಿದೆ ಅಂತ ಗೊತ್ತಾದ್ರೆ ಅವನು ಆ ಹಲಗೆ ಮತ್ತೆ ಹೊಡೀತಾನೆ."

ಆಮೇಲೆ ಕಥೆ ಬಿಚ್ಚಿದರು. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಒಂದು ಮದುವೆಮನೆಗೆ ಬಾಗಿಲು ಕೂರಿಸುವಾಗ ಕೀಲನ್ನು ತಮ್ಮನು ತಪ್ಪು ಮಗ್ಗುಲಿಗೆ ಹಾಕಿದನೆಂದು ಅಣ್ಣ ನಾಲ್ಕು ಜನರ ಮುಂದೆ ಅಂದುಬಿಟ್ಟರು. ನೀನೇ ಅಳತೆ ತಪ್ಪು ಕೊಟ್ಟೆ ಎಂದ ತಮ್ಮ. ಮಾತಿಗೆ ಮಾತು ಬೆಳೆದು, ವಾರದೊಳಗೆ ಕಾರ್ಖಾನೆಯ ನಡುವೆ ಹಲಗೆ ಬಿತ್ತು. ಅಂದಿನಿಂದ ಆ ಕಡೆ ಸುತ್ತಿಗೆ ಹೊಡೆದರೆ ಈ ಕಡೆ ಗರಗಸ ನಿಲ್ಲುತ್ತಿತ್ತು, ಮಾತಿಲ್ಲ, ಕತೆಯಿಲ್ಲ, ವರ್ಷಗಳೇ ಉರುಳಿದವು. ಅತ್ತಿಗೆ ಸತ್ತಾಗ ತಮ್ಮ ಬಂದು ಮೂಲೆಯಲ್ಲಿ ನಿಂತು ಹೋಗಿದ್ದ, ಅಷ್ಟೇ. ಸೋಮವಾರ ಅಣ್ಣ ಕ್ಲಿನಿಕ್ಕಿನಿಂದ ಬಂದು, ಮನೆಯವರಿಗೆ ತಿಳಿಸಿ ಎಂದು ಡಾಕ್ಟರು ಹೇಳಿದ್ದಾರಲ್ಲ, ತನಗೆ ಮನೆಯವರು ಎಂದು ಯಾರಿದ್ದಾರೆ ಎಂದು ಯೋಚಿಸಿ, ಹಲಗೆಯನ್ನು ತಟ್ಟಿದರು. ನನ್ನ ಹಾರ್ಟ್ ಕೆಟ್ಟಿದೆಯಂತೆ ಕಣೋ ಎಂದರು. ಆ ಕಡೆ ಗರಗಸ ನಿಂತಿತು. ಆಮೇಲೆ ಮೊಳೆ ಕೀಳುವ ಸದ್ದು.

ಒಳ್ಳೆಯ ಸುದ್ದಿ ತಂದ ಲೈನಮ್ಮ ಕೆಟ್ಟ ಸುದ್ದಿ ತಂದವಳ ಹಾಗೆ ಕೂತಿದ್ದಳು. ಹೇಳದೆ ಹೋದರೆ ತಮ್ಮನೊಬ್ಬ ಇಲ್ಲದ ಕಾಯಿಲೆಗೆ ಕೊರಗುತ್ತಾನೆ. ಹೇಳಿದರೆ ಈ ಮನುಷ್ಯ ಮತ್ತೆ ಒಂಟಿ. ಅತ್ತ ದರಿ, ಇತ್ತ ಪುಲಿ. ಜೀವಮಾನವೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದವಳೇ ಹೊರತು, ಯಾವ ಮಾತನ್ನು ಮುಟ್ಟಿಸಬೇಕು, ಯಾವುದನ್ನು ಬಿಡಬೇಕು ಎಂದು ಅವಳು ಆರಿಸಿದವಳಲ್ಲ.

ಕಿರಿಯವನು ಚಹದೊಂದಿಗೆ ಬಂದ. ಮೂರು ಲೋಟಕ್ಕೆ ಬಗ್ಗಿಸಿ, ಅಣ್ಣನ ಚಹವನ್ನು ಊದಿ ಆರಿಸಿ ಅವರ ಕೈಗಿಟ್ಟು, ಡಾಕ್ಟರು ಏನಂದರು ಎಂದು ಅವಳನ್ನೇ ನೇರವಾಗಿ ಕೇಳಿದ. ಸುಳ್ಳು ಹೇಳಲು ಅವಳ ನಾಲಿಗೆ ಹೊರಳಲಿಲ್ಲ. ನಿಜವೂ ಸರಿಯಾಗಿ ಬರಲಿಲ್ಲ.

"ಕಾಯಿಲೆ ಇರೋದು ಸೇತುವೆಯವರಿಗೆ," ಎಂದಳು. "ಇವರು ಮಾರ್ಕೆಟ್‌ನವರು."

ಅವನು ಅಣ್ಣನ ಮುಖ ನೋಡಿದ. ಅಣ್ಣ ಚಹ ನೋಡುತ್ತಿದ್ದರು. ಅವಳು ಕಪ್ಪು ಪೆಟ್ಟಿಗೆಯಿಂದ ಹಿಡಿದು ಹಸಿರು ಚುಕ್ಕೆಯವರೆಗೆ ಹೇಳಿದಳು, ಎರಡು ಯಂತ್ರಕ್ಕೆ ಒಂದೇ ಹೆಸರಿದ್ದದ್ದನ್ನು ಹೇಳಿದಳು. ಹೇಳಿದಷ್ಟೂ ಅವನ ಹುಬ್ಬು ಗಂಟಾಯಿತು. ಕೊನೆಗೆ ಅವಳಿಗೇ ಸಾಕಾಗಿ, "ನಿಮ್ಮಣ್ಣನ ಹೃದಯದಲ್ಲಿ ಏನೂ ಇಲ್ಲಪ್ಪಾ," ಎಂದುಬಿಟ್ಟಳು.

"ಏನೂ ಇಲ್ವಾ?"

"ಏನೂ ಇಲ್ಲ."

ಕಿರಿಯವನು ಲೋಟವನ್ನು ಕೆಳಗಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದುಬಿಟ್ಟ. ಹಿರಿಯರು ಕಣ್ಣು ಮುಚ್ಚಿಕೊಂಡರು. ಲೈನಮ್ಮ ಕ್ಷಮಿಸಿ ಎಂದಳು, ಯಾವುದಕ್ಕೆ ಎಂದು ಅವಳಿಗೇ ಸ್ಪಷ್ಟವಿರಲಿಲ್ಲ. ಮಂಡಿಗಾದರೂ ಪಟ್ಟಿ ಕಟ್ಟಿಸಿಕೊಳ್ಳಿ ಎಂದು ಹೇಳಿ, ಅರ್ಧ ಚಹ ಬಿಟ್ಟು ಎದ್ದಳು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಿರಿಯವನು ಬರಿಗಾಲಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದು ಬಂದ.

"ಅಮ್ಮಾ, ನೀವು ಅಂದಿದ್ದು ನಿಜಾನಾ? ಇಲ್ಲಾ, ಸಾಯೋರ ಮುಂದೆ ಧೈರ್ಯಕ್ಕೆ ಅಂತಾರಲ್ಲ, ಹಾಗಾ?"

"ನಿಜ. ನನ್ನಾಣೆಗೂ ನಿಜ."

ಅವನು ಮತ್ತೆ ಬೆಂಚಿಗೆ ಕುಸಿದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ, ಬಹುಶಃ ಅವನಿಗೂ. ಕೈ ತೆಗೆದಾಗ ಕಣ್ಣು ಕೆಂಪಾಗಿತ್ತು.

"ಸೋಮವಾರದಿಂದ ಬಾಯಿ ಕಟ್ಕೊಂಡು ಕೂತಿದ್ದೀನಿ," ಎಂದ. "ಆ ಬಾಗಿಲ ಅಳತೆ ತಪ್ಪು ಕೊಟ್ಟಿದ್ದು ಅವನೇ. ಹಾರ್ಟ್ ಕೆಟ್ಟಿರೋನಿಗೆ ಅದನ್ನ ಹೇಳೋಕಾಗುತ್ತಾ? ಸದ್ಯ. ಈಗ ಹೋಗಿ ಹೇಳ್ತೀನಿ."

"ಮತ್ತೆ ಜಗಳಾನಾ?"

"ಅಣ್ಣ ತಮ್ಮ ಅಂದ್ಮೇಲೆ ಇನ್ನೇನು?"

ಅವಳು ಅಂಜುತ್ತಲೇ, ಹಲಗೆ ಹೊಡೆಯುತ್ತೀರಾ ಎಂದು ಕೇಳಿದಳು. ಹಲಗೆ ಎಲ್ಲಿದೆ, ಅದನ್ನು ಕೊಯ್ದು ಅಣ್ಣನ ಕಾಲಿಗೆ ಮಣೆ ಮಾಡಲು ಶುರುಮಾಡಿದ್ದೇನೆ, ಮಂಡಿ ಮಡಚಬಾರದಲ್ಲ ಎಂದ ಅವನು. ಹಾಗೆಂದು, ಬಂದ ದಾರಿಯಲ್ಲೇ ದಾಪುಗಾಲು ಹಾಕುತ್ತಾ ಹೋದ. ಜಗಳಕ್ಕೆ ಅಷ್ಟು ಖುಷಿಯಿಂದ ಹೋಗುವವನನ್ನು ಅವಳು ಕಂಡಿರಲಿಲ್ಲ.

ಮನೆಗೆ ಬಂದು ಗಂಡನ ಹತ್ತಿರ ಎಲ್ಲ ಹೇಳಿದಳು. ಆಸ್ಪತ್ರೆಯ ಸುದ್ದಿ ಅವಳು ಮನೆಗೆ ತಂದದ್ದು ಅದೇ ಮೊದಲು. ಅವನು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ, ಹಾಗಾದರೆ ಆ ಯಂತ್ರ ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಸೇತುವೆಯ ಹಿರಿಯರು ಒಂದು ದಿನ ಸುಮ್ಮನೆ ಕಾದರು, ಅದು ಕೆಟ್ಟದ್ದು. ಬಡಗಿ ಸಾವಿನ ಭಯದಲ್ಲಿ ಮೂರು ದಿನ ಕಳೆದರು, ಅದೂ ಕೆಟ್ಟದ್ದೇ. ಉಳಿದದ್ದನ್ನು ಯಾವ ಪಾಲಿಗೆ ಹಾಕಬೇಕೆಂದು ಅವಳಿಗೆ ಬಗೆಹರಿಯಲಿಲ್ಲ. ಗೊತ್ತಿಲ್ಲ ಕಣ್ರೀ ಎಂದು ಅಡುಗೆಮನೆಗೆ ಹೋದಳು.

ಸೇತುವೆಯ ಹಿರಿಯರಿಗೆ ಆಪರೇಷನ್ ಆಯಿತು, ಚೇತರಿಸಿಕೊಂಡರು. ಬಡಗಿ ಬಂದು ಪರೀಕ್ಷೆ ಮಾಡಿಸಿಕೊಂಡರು. ಹೃದಯ ಗಟ್ಟಿಯಿತ್ತು. ಜೊತೆಗೆ ಬಂದಿದ್ದ ತಮ್ಮನಿಗೇ ರಕ್ತದೊತ್ತಡ ಜಾಸ್ತಿಯೆಂದು ಗೊತ್ತಾಗಿ, ಉಪ್ಪು ಬಿಡಬೇಕೆಂದು ಡಾಕ್ಟರಮ್ಮ ಹೇಳಿದಾಗ, ನಾನು ಮೊದಲೇ ಹೇಳಿರಲಿಲ್ಲವೇ ಎಂದು ಅಣ್ಣ ಅಲ್ಲಿಯೇ ಶುರುಮಾಡಿದರು. ಕಾರಿಡಾರಿನ ಕೊನೆಯವರೆಗೂ ಅವರಿಬ್ಬರ ದನಿ ಕೇಳಿಸುತ್ತಿತ್ತು.

ಲೈನಮ್ಮ ಈಗ ಕರೆ ಜೋಡಿಸಿದೊಡನೆ ಪರದೆಯನ್ನು ಆರಿಸುವುದಿಲ್ಲ. ಎದುರಿನವರಿಗೆ ನಮಸ್ಕಾರ ಹೇಳಿ, ಹೆಸರೇನು, ಯಾವ ಕ್ಲಿನಿಕ್ಕು ಎಂದು ಅವರ ಬಾಯಿಂದಲೇ ಕೇಳಿಸಿಕೊಂಡು, ಆಮೇಲೆ ಡಾಕ್ಟರಿಗೆ ಬಿಟ್ಟುಕೊಟ್ಟು ಸರಿಯುತ್ತಾಳೆ. ಒಮ್ಮೊಮ್ಮೆ ಸರಿಯಾದ ಉತ್ತರ ಬಂದರೂ ಸಾಲದೆ, ನಿಜವಾಗಿಯೂ ನೀವೇ ತಾನೇ ಎಂದು ಇನ್ನೊಮ್ಮೆ ಕೇಳುತ್ತಾಳೆ. ಕೆಲವರು ನಗುತ್ತಾರೆ. ಕೆಲವರು ಒಂದು ಗಳಿಗೆ ಯೋಚಿಸಿ, ಹೌದು ಅನ್ನುತ್ತಾರೆ.